ಪಾರ್ಕಿನಲ್ಲಿ ಎಲ್ಲರೂ ನೋಡುತ್ತಿರುವಾಗ ಹಾರುವುದು ಹೇಗೆ

ಎರಡಡಿ ಎತ್ತರದ ಕಟ್ಟೆ ಹಾರಲು ಧೈರ್ಯವೇನೂ ಬೇಕಿಲ್ಲ. ಪಕ್ಕದ ಬೆಂಚಿನ ಮೇಲೆ ಮೂವರು ಅಂಕಲ್‌ಗಳು ಕೂತು ನಿಮ್ಮನ್ನೇ ನೋಡುತ್ತಿರುವಾಗ ಅದೇ ಕಟ್ಟೆ ಹಾರಬೇಕು ಅಂದರೆ ಮಾತ್ರ ಕಾಲು ಏಳುವುದಿಲ್ಲ. ಕಟ್ಟೆ, ಗೋಡೆ, ಕಂಬಿಗಳನ್ನು ಓಡಿ, ಹಾರಿ, ಹತ್ತಿ ದಾಟುವ ಪಾರ್ಕೂರ್ ಎಂಬ ಅಭ್ಯಾಸವನ್ನು ಶುರು ಮಾಡಿ ಬಿಟ್ಟವರಲ್ಲಿ ನನಗೆ ಗೊತ್ತಿರುವವರೆಲ್ಲ ಹೆಚ್ಚುಕಮ್ಮಿ ನಾಚಿಕೆಯಿಂದಲೇ ಬಿಟ್ಟವರು, ಏಟು ಬಿದ್ದು ಬಿಟ್ಟವರು ಕಮ್ಮಿ. ಜಿಮ್‌ಗಾದರೆ ಸುತ್ತ ಗೋಡೆ ಇದೆ. ಕ್ರಿಕೆಟ್ ಅಂದರೆ ಏನು ಅಂತ ಯಾರಿಗೂ ಹೇಳಬೇಕಾಗಿಲ್ಲ. ಆದರೆ ಮೀಸೆ ಬಂದ ಮನುಷ್ಯನೊಬ್ಬ ಪಕ್ಕದಲ್ಲೇ ಮೆಟ್ಟಿಲಿದ್ದರೂ ಕಂಬಿ ಹಾರಿ ಇಳಿದರೆ, ನೋಡುವವರಿಗೆ ಇದೇನು ಅಂತಲೇ ಗೊತ್ತಾಗುವುದಿಲ್ಲ. ಕಳ್ಳನಾ? ಕುಡಿದಿದ್ದಾನಾ? ರೀಲ್ಸ್ ಮಾಡುತ್ತಿದ್ದಾನಾ?

"ಜನ ಏನಂದುಕೊಂಡರೆ ನಿಮಗೇನು, ತಲೆ ಕೆಡಿಸಿಕೊಳ್ಳಬೇಡಿ" ಅನ್ನುವ ಸಲಹೆ ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ. ನನ್ನ ಪ್ರಕಾರ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಹಾಗಂದ ಕೂಡಲೇ ಸುಮ್ಮನಾಗುವ ತಲೆ ಯಾರಿಗಿದೆ ಹೇಳಿ? ಜನರನ್ನು ಮರೆಯಲು ಒದ್ದಾಡುವುದು ಬಿಟ್ಟು, ಆ ಜಾಗದ ಜನಕ್ಕೆ ನೀವು ರೂಢಿಯಾಗುವ ಹಾಗೆ ಮಾಡಿಕೊಳ್ಳಿ. ದಿನಾ ಬರುವ ಹಾಲಿನವನನ್ನು ಯಾರೂ ತಿರುಗಿ ನೋಡುವುದಿಲ್ಲ ಅಲ್ವಾ, ಹಾಗೆ. ಕೆಳಗೆ ಬರೆದಿರುವುದೆಲ್ಲ ಇದಕ್ಕೆ ದಾರಿಗಳು.

ಜನ ಎಷ್ಟು ನೋಡುತ್ತಾರೆ

2000ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಯವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಮುಖವಿದ್ದ, ಹಾಕಿಕೊಳ್ಳಲು ಮುಜುಗರವಾಗುವಂಥ ಟೀಶರ್ಟನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಆಮೇಲೆ ಕೇಳಿದರೆ, ಟೀಶರ್ಟ್ ಹಾಕಿದವರು ಹೇಳಿದ್ದು ಸುಮಾರು ಅರ್ಧದಷ್ಟು ಜನ ಅಂತ. ನಿಜವಾಗಿ ಗಮನಿಸಿದ್ದವರು ಕಾಲು ಭಾಗ ಅಷ್ಟೇ.

ಈ ಸಮಾಧಾನ ಪಾರ್ಕೂರ್‌ಗೆ ಪೂರ್ತಿ ಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಟೀಶರ್ಟ್ ಸುಮ್ನೆ ಇರುತ್ತದೆ, ನೀವು ಧೊಪ್ ಅಂತ ಹಾರುತ್ತೀರಿ. ಜನ ನೋಡೇ ನೋಡುತ್ತಾರೆ. ಆದರೆ ನೀವು ಹೆದರುವ ವಿಷಯಗಳನ್ನು ಅವರು ನೋಡುವುದಿಲ್ಲ. ಮುಂಗಾಲಿನ ಬದಲು ಹಿಮ್ಮಡಿ ಮೊದಲು ತಾಗಿತು, ಕೈ ಇಡುವ ಜಾಗ ತಪ್ಪಿತು, ಓಡಿ ಬಂದು ಕೊನೇ ಗಳಿಗೆಯಲ್ಲಿ ನಿಂತುಬಿಟ್ಟಿರಿ, ಇದೆಲ್ಲ ಗೊತ್ತಾಗುವುದು ಪಾರ್ಕೂರ್ ಮಾಡುವವರಿಗೆ ಮಾತ್ರ. ಬೆಂಚಿನ ಅಂಕಲ್‌ಗೆ ಕಾಣುವುದು "ಒಬ್ಬ ಹುಡುಗ ಏನೋ ಹಾರುತ್ತಿದ್ದಾನೆ" ಅಂತ ಅಷ್ಟೇ. ಸ್ವಲ್ಪ ಹೊತ್ತು ನೋಡಿ ಸೈಟಿನ ರೇಟು, ಮಗಳ ಮದುವೆ, ಶುಗರ್ ಲೆವೆಲ್‌ಗೆ ವಾಪಸ್ ಹೋಗುತ್ತಾರೆ.

ಇನ್ನೊಂದು ಮಾತು. ಬೆಳಗ್ಗೆ ಆರೂವರೆಗೆ ಬೆಂಗಳೂರಿನ ಯಾವುದೇ ಬಡಾವಣೆಯ ಪಾರ್ಕಿಗೆ ಹೋಗಿ ನೋಡಿ. ಒಬ್ಬರು ಹಿಮ್ಮುಖವಾಗಿ ನಡೆಯುತ್ತಿರುತ್ತಾರೆ. ಇನ್ನೊಬ್ಬರು ಹೆಜ್ಜೆಗೊಂದು ಚಪ್ಪಾಳೆ ತಟ್ಟುತ್ತಿರುತ್ತಾರೆ. ಒಂದು ಮೂಲೆಯಲ್ಲಿ ಹತ್ತು ಹದಿನೈದು ಜನ ಕೈ ಮೇಲೆತ್ತಿ ಕಾರಣವೇ ಇಲ್ಲದೆ ಹಾ ಹಾ ಹಾ ಅಂತ ನಗುತ್ತಿರುತ್ತಾರೆ. ಇವರ ಮಧ್ಯೆ ನೀವೊಬ್ಬರು ಕಂಬಿ ಹಾರಿದರೆ ಅಂಥ ದೊಡ್ಡ ವಿಚಿತ್ರವೇನಲ್ಲ.

ಹೊಸದು ತಾರಸಿಯಲ್ಲಿ, ಬಂದದ್ದು ಪಾರ್ಕಿನಲ್ಲಿ

ಜನ ನೋಡುತ್ತಿದ್ದರೆ ಚೆನ್ನಾಗಿ ಬರುವ ಕೆಲಸ ಇನ್ನೂ ಚೆನ್ನಾಗಿ ಬರುತ್ತದೆ, ಬಾರದ ಕೆಲಸ ಇನ್ನಷ್ಟು ಕೆಡುತ್ತದೆ. ರಾಬರ್ಟ್ ಝಯಾಂಕ್ ಎಂಬ ಮನಃಶಾಸ್ತ್ರಜ್ಞ 1965ರಲ್ಲೇ ಇದನ್ನು ವಿವರಿಸಿದ್ದ. 1982ರಲ್ಲಿ ಅಮೆರಿಕದಲ್ಲಿ, ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದ ಒಂದು ಹಾಲ್‌ನಲ್ಲಿ ಪರೀಕ್ಷೆ ಮಾಡಿದಾಗ, ನಾಲ್ಕು ಜನ ಹತ್ತಿರ ಬಂದು ನಿಂತು ನೋಡತೊಡಗಿದ ಕೂಡಲೇ ಒಳ್ಳೆಯ ಆಟಗಾರರ ಸರಿ ಹೊಡೆತ 71 ಪರ್ಸೆಂಟಿನಿಂದ 80ಕ್ಕೆ ಏರಿತು. ಕಲಿಯುವವರದ್ದು 36ರಿಂದ 25ಕ್ಕೆ ಇಳಿಯಿತು.

ಹಾಗಾಗಿ ಮೊದಲ ಸಲ ಮಾಡುವ ಯಾವುದನ್ನೂ ಜನರ ಮುಂದೆ ಮಾಡಬೇಡಿ. ಮೊದಲ ಪಾಠಗಳಿಗೆ ಹೇಗೂ ಪಾರ್ಕ್ ಬೇಕಾಗಿಲ್ಲ. ಭುಜದಿಂದ ಶುರುವಾಗಿ ಬೆನ್ನಿನ ಮೇಲೆ ಓರೆಯಾಗಿ ಎದುರು ಸೊಂಟಕ್ಕೆ ಇಳಿಯುವ ರೋಲ್ ಕಲಿಯಲು ಹಾಲ್‌ನಲ್ಲಿ ಹಾಸಿದ ಹಳೇ ಹಾಸಿಗೆ ಸಾಕು. ನಿಂತಲ್ಲಿಂದ ಹಾರಿ ಎರಡೂ ಮುಂಗಾಲಿನ ಮೇಲೆ ಅಲುಗಾಡದೆ ನಿಲ್ಲುವ ಪ್ರಿಸಿಷನ್ ಜಂಪ್‌ಗೆ ತಾರಸಿಯ ಮಧ್ಯೆ, ಪ್ಯಾರಪೆಟ್‌ನಿಂದ ದೂರ, ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದುಕೊಳ್ಳಿ. ಒಂದು ಕೈ, ಎದುರು ಕಾಲು ಇಟ್ಟು ದಾಟುವ ಸೇಫ್ಟಿ ವಾಲ್ಟ್‌ಗೆ ಅಲುಗಾಡದ ಗಟ್ಟಿ ಕಟ್ಟೆ ಯಾವುದಾದರೂ ಆದೀತು. ದೇಹಕ್ಕೆ ಇವು ಬಂದಮೇಲೆ ಪಾರ್ಕಿಗೆ ತನ್ನಿ. ಆಗ ನೋಡುವ ಕಣ್ಣುಗಳು ನಿಮಗೆ ಸಹಾಯವನ್ನೇ ಮಾಡುತ್ತವೆ.

ಒಂದೇ ಜಾಗ, ಒಂದೇ ಹೊತ್ತು

ದಿನಕ್ಕೊಂದು ಕಡೆ ಅಲೆಯಬೇಡಿ. ಒಂದು ಪಾರ್ಕ್, ಅದರಲ್ಲಿ ಒಂದು ಮೂಲೆ ಆರಿಸಿಕೊಂಡು ಅದೇ ಹೊತ್ತಿಗೆ ಹೋಗಿ. ನನ್ನ ಆಯ್ಕೆ ಬೆಳಗಿನ ಹೊತ್ತು. ಸಂಜೆ ಜನ ಬದಲಾಗುತ್ತಲೇ ಇರುತ್ತಾರೆ, ಮಕ್ಕಳು ಕಾಲಿಗೆ ಅಡ್ಡ ಬರುತ್ತಾರೆ, ದಿನಾ ಹೊಸಬರ ಮುಂದೆ ಹೊಸದಾಗಿ ನಾಚಬೇಕಾಗುತ್ತದೆ. ಬೆಳಗ್ಗೆ ವಾಕಿಂಗ್ ಬರುವವರು ಮಾತ್ರ ವರ್ಷಗಟ್ಟಲೆ ಅವರೇ. ಮೊದಮೊದಲು ದಿಟ್ಟಿಸುತ್ತಾರೆ, ಆಮೇಲೆ ತಲೆ ಆಡಿಸುತ್ತಾರೆ, ಇನ್ನೂ ಸ್ವಲ್ಪ ದಿನ ಹೋದಮೇಲೆ ನೀವು ಬಾರದಿದ್ದರೆ "ಯಾಕ್ರೀ ನಿನ್ನೆ ಕಾಣ್ಲಿಲ್ಲ" ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂತು ಅಂದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಮಧ್ಯಾಹ್ನ ಬೀಗ ಹಾಕುವ ಪಾರ್ಕುಗಳೂ ಇರುತ್ತವೆ, ಗೇಟಿನ ಬೋರ್ಡ್ ನೋಡಿಕೊಂಡು ಹೋಗಿ.

ಬೆಂಗಳೂರಿನವರಿಗೆ ಭಾನುವಾರದ ಕಬ್ಬನ್ ಪಾರ್ಕ್ ಕೂಡ ಶುರುವಾತಿಗೆ ಒಳ್ಳೆಯದು. ಒಳಗಿನ ರಸ್ತೆಗಳಿಗೆ ಆವತ್ತು ವಾಹನ ಬಿಡುವುದಿಲ್ಲ. ಓದುವವರು, ಚಿತ್ರ ಬರೆಯುವವರು, ಸ್ಕೇಟಿಂಗ್ ಮಕ್ಕಳು, ನಾಯಿ ಕರೆತಂದವರು ಎಲ್ಲ ಸೇರಿರುವುದರಿಂದ ನೀವು ಒಬ್ಬರೇ ಎದ್ದು ಕಾಣುವುದಿಲ್ಲ. ಅದು ತೋಟಗಾರಿಕೆ ಇಲಾಖೆಯ ಜಾಗ. ಗಿಡ, ಮರ, ಹಳೇ ಕಟ್ಟಡದ ತಂಟೆಗೆ ಹೋಗದೆ ನೆಲದ ಮೇಲಿನ ಅಭ್ಯಾಸಕ್ಕೆ ಅದನ್ನು ಇಟ್ಟುಕೊಳ್ಳಿ.

ಎಲ್ಲಿ ಹಾರಬಾರದು ಅನ್ನುವುದೂ ಇಲ್ಲೇ ಬರುತ್ತದೆ, ಯಾಕೆಂದರೆ ಕೆಲವು ಕಡೆ ಆ ಮುಜುಗರ ನ್ಯಾಯವಾದದ್ದು. ಅರಳಿಕಟ್ಟೆ ನೋಡಲು ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಮೇಲೆ ನಾಗರಕಲ್ಲು ಇರುತ್ತದೆ, ಸುತ್ತು ಬರುವವರು ಇರುತ್ತಾರೆ. ಅದರ ಮೇಲೆ ಶೂ ಹಾಕಿಕೊಂಡು ಹಾರಿ ಬೈಸಿಕೊಂಡರೆ ತಪ್ಪು ಬೈದವರದ್ದಲ್ಲ. ಹಂಪಿ, ಚಿತ್ರದುರ್ಗದಂಥ ಜಾಗದ ಗೋಡೆ, ಕಂಬಗಳನ್ನು ಮುಟ್ಟಲೇಬೇಡಿ. ಹಂಪಿಯಲ್ಲಿ ಕಂಬ ಬೀಳಿಸಿದ ನಾಲ್ವರು ಯುವಕರಿಗೆ 2019ರಲ್ಲಿ ಕೋರ್ಟ್ ತಲಾ 70,000 ರೂಪಾಯಿ ದಂಡ ಹಾಕಿ, ಆ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತ್ತು. ಯಾರದ್ದೋ ಮನೆಯ ಕಾಂಪೌಂಡಂತೂ ಬೇಡವೇ ಬೇಡ. ಮೇಲೆ ಗಾಜಿನ ಚೂರು ನೆಟ್ಟಿರುತ್ತಾರೆ, ಒಳಗೆ ನಾಯಿ ಇರುತ್ತದೆ.

ಮೊದಲ ವಾರ ಹಾರಬೇಡಿ

ಮೊದಲ ಕೆಲವು ದಿನ ಎಲ್ಲರೂ ಮಾಡುವುದನ್ನೇ ಮಾಡಿ. ಎರಡು ಸುತ್ತು ಓಡಿ, ಕೈಕಾಲು ಬಿಡಿಸಿಕೊಳ್ಳಿ, ಬಸ್ಕಿ ಹೊಡೆಯಿರಿ. ನೀರಿನ ಬಾಟಲಿ, ಟವೆಲ್ ತಂದು ಬೆಂಚಿನ ಮೇಲೆ ಇಡಿ. ಕೇಳಲು ಸಣ್ಣ ವಿಷಯ, ಆದರೆ ಬಾಟಲಿ, ಟವೆಲ್, ಟ್ರ್ಯಾಕ್ ಪ್ಯಾಂಟ್ ಕಂಡ ಕೂಡಲೇ ನೋಡುವವರ ಮನಸ್ಸಿನಲ್ಲಿ "ಎಕ್ಸರ್‌ಸೈಜ್" ಅಂತ ಒಂದು ಚೀಟಿ ಅಂಟಿಬಿಡುತ್ತದೆ, ಆಮೇಲೆ ನೀವು ಮಾಡುವುದೆಲ್ಲ ಆ ಲೆಕ್ಕಕ್ಕೇ ಹೋಗುತ್ತದೆ. ಜೀನ್ಸ್ ಹಾಕಿ, ಹೆಗಲಿಗೆ ಬ್ಯಾಗ್ ಏರಿಸಿಕೊಂಡು ಗೋಡೆ ಏರುವವನ ಲೆಕ್ಕವೇ ಬೇರೆ.

ಆಮೇಲೆ ದಾರಿ ಅಂಚಿನ ಕಲ್ಲಿನ ಮೇಲೆ ಬ್ಯಾಲೆನ್ಸ್ ಮಾಡುತ್ತಾ ನಡೆಯಿರಿ. ಅದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಅಲ್ಲಿಂದ ಆ ಕಲ್ಲಿನ ಮೇಲೆ ಪ್ರಿಸಿಷನ್ ಜಂಪ್, ಅಲ್ಲಿಂದ ತಗ್ಗು ಕಟ್ಟೆಯ ಮೇಲೆ ಸೇಫ್ಟಿ ವಾಲ್ಟ್, ಅಲ್ಲಿಂದ ಕಂಬಿ. ಕೈಕಾಲು ಎರಡೂ ಊರಿ ನಾಲ್ಕು ಕಾಲಿನಲ್ಲಿ ನಡೆಯುವ ವ್ಯಾಯಾಮ ಇದೆಯಲ್ಲ, ಅದರಲ್ಲಿ ಅಪಾಯ ಕಮ್ಮಿ, ನಾಚಿಕೆ ಅತಿ ಜಾಸ್ತಿ. ಸಾಮಾನ್ಯವಾಗಿ ಅದನ್ನು ಮೊದಲ ಪಾಠಗಳಲ್ಲೇ ಹೇಳಿಕೊಡುತ್ತಾರೆ. ಸಂಕೋಚದ ಲೆಕ್ಕದಲ್ಲಿ ನಾನು ಅದನ್ನು ಕೊನೆಗೆ ಇಡುತ್ತೇನೆ. ಪಾರ್ಕಿನ ಮಧ್ಯೆ ಕರಡಿ ಹಾಗೆ ಇಪ್ಪತ್ತು ಹೆಜ್ಜೆ ಹೋಗಿ ಆರಾಮಾಗಿ ಎದ್ದು ನಿಲ್ಲಲು ಬಂದರೆ ನಿಮಗೆ ಈ ಬರಹವೇ ಬೇಡ.

ಪ್ರತಿ ಮೆಟ್ಟಿಲಲ್ಲೂ ನೆನಪಿಡಬೇಕಾದ್ದು ಒಂದಿದೆ. ಎದೆ ಹೊಡೆದುಕೊಳ್ಳಲು ಶುರುವಾದ ಕೂಡಲೇ ಮನೆಗೆ ಹೊರಡಬೇಡಿ. ಆಗ ಹೊರಟರೆ "ಹೊರಟಿದ್ದಕ್ಕೇ ಬಚಾವಾದೆ" ಅಂತ ಮನಸ್ಸು ಕಲಿಯುತ್ತದೆ, ನಾಳೆ ಹೆದರಿಕೆ ಇನ್ನೂ ಹೆಚ್ಚುತ್ತದೆ. ಹಾರುವುದು ಬೇಕಾದರೆ ನಿಲ್ಲಿಸಿ, ಅಲ್ಲೇ ಕೂತು ನೀರು ಕುಡಿಯಿರಿ, ಬಡಿತ ಇಳಿಯುವ ತನಕ ಇರಿ. ಆಮೇಲೆ ಸುಲಭದ್ದೊಂದನ್ನು ಮಾಡಿ, ಹೊರಡಿ.

ಹಾರುವ ಮೊದಲು ಜಾಗ ಪರೀಕ್ಷಿಸುವುದು ಸುರಕ್ಷತೆಗೆ ಹೇಗೂ ಬೇಕು. ಕಲ್ಲನ್ನು ಕೈಯಿಂದ ಉಜ್ಜಿ ನೋಡಿ, ಮಳೆಗಾಲದಲ್ಲಿ ಪಾಚಿ ಕಣ್ಣಿಗೆ ಕಾಣದಿದ್ದರೂ ಜಾರುತ್ತದೆ. ಕಂಬಿಯನ್ನು ಹಿಡಿದು ಅಲುಗಾಡಿಸಿ. ಚರಂಡಿ ಮೇಲಿನ ಚಪ್ಪಡಿಯನ್ನು ಒಂದು ಕಾಲಿನಿಂದ ಒತ್ತಿ, ಬೆಂಗಳೂರಿನ ಫುಟ್‌ಪಾತಿನಲ್ಲಿ ಅಲುಗದ ಚಪ್ಪಡಿ ಸಿಗುವುದೇ ಕಷ್ಟ. ಇದರಿಂದ ಇನ್ನೊಂದು ಲಾಭವೂ ಇದೆ. ಕೈ, ಕಣ್ಣು ಎರಡಕ್ಕೂ ಕೆಲಸ ಸಿಕ್ಕಮೇಲೆ ಜನರ ಕಡೆ ಹರಿಯುವ ಗಮನ ತಾನಾಗಿ ಕಮ್ಮಿಯಾಗುತ್ತದೆ. ಕಾಲು ಎಲ್ಲಿ ಇಳಿಯಬೇಕೋ ಆ ಒಂದು ಜಾಗವನ್ನೇ ನೋಡಿ, ಹಾರಿ. ಹೇಗೆ ಕಾಣುತ್ತಿದ್ದೇನೆ ಅಂತ ಯೋಚಿಸಲು ಅಷ್ಟರಲ್ಲಿ ಸಮಯವೇ ಇರುವುದಿಲ್ಲ.

ಮಾತು ನೀವೇ ಶುರು ಮಾಡಿ

ಅರ್ಧ ಸಂಕೋಚ ಹೋಗುವುದು ಬಾಯಿಂದ. ವಾಚ್‌ಮನ್ ಬಂದು ಕೇಳುವ ತನಕ ಕಾಯಬೇಡಿ, ಮೊದಲ ದಿನವೇ ಹೋಗಿ ನಮಸ್ಕಾರ ಹೇಳಿ. "ಅಣ್ಣ, ಆ ಮೂಲೇಲಿ ಸ್ವಲ್ಪ ಹಾರೋದು ಪ್ರಾಕ್ಟೀಸ್ ಮಾಡ್ತೀನಿ, ಗಿಡ ಮುಟ್ಟಲ್ಲ, ಮಕ್ಕಳು ಬಂದ್ರೆ ನಿಲ್ಲಿಸ್ತೀನಿ." ಇಷ್ಟು ಸಾಕು. ಬೇಡ ಅಂದರೆ ವಾದ ಮಾಡಬೇಡಿ. ಏನಾದರೂ ಮುರಿದರೆ ಅಸೋಸಿಯೇಷನ್‌ನವರು ಬೈಯುವುದು ಅವರಿಗೆ, ನಿಮಗಲ್ಲ. ಬೇರೆ ಪಾರ್ಕ್ ನೋಡಿಕೊಳ್ಳಿ, ಇಲ್ಲವೇ ಹತ್ತು ದಿನ ಬರೀ ಓಡಿ ಮುಖ ಪರಿಚಯವಾದಮೇಲೆ ಮತ್ತೊಮ್ಮೆ ಕೇಳಿ. ಎರಡನೆಯದು ಆಶ್ಚರ್ಯವಾಗುವಷ್ಟು ಸಲ ಕೆಲಸ ಮಾಡುತ್ತದೆ.

"ಏನಪ್ಪಾ ಇದು?" ಅಂತ ಹಿರಿಯರು ಕೇಳಿದರೆ ಇದು ಫ್ರಾನ್ಸಿನಲ್ಲಿ ಹುಟ್ಟಿದ್ದು ಅಂತ ಶುರು ಮಾಡಬೇಡಿ. "ಎಕ್ಸರ್‌ಸೈಜ್ ಸಾರ್, ಚಿಕ್ಕೋರಿದ್ದಾಗ ಮರಕೋತಿ ಆಡ್ತಿದ್ವಲ್ಲ, ಅದೇ ಥರ" ಅನ್ನಿ. ಮರಕೋತಿ ಅಂದ ಕೂಡಲೇ ಅವರ ಮುಖ ಸಡಿಲವಾಗುತ್ತದೆ, ಯಾವ ಊರಿನ ಯಾವ ಆಲದಮರದಿಂದ ತಾವು ಬಿದ್ದಿದ್ದರು ಅನ್ನುವ ಕಥೆ ಬರುತ್ತದೆ, ಆವತ್ತು ನಿಮ್ಮ ಅಭ್ಯಾಸ ಅಲ್ಲಿಗೆ ಮುಗಿಯುತ್ತದೆ. ಪರವಾಗಿಲ್ಲ, ನಾಳೆಯಿಂದ ಅವರು ನಿಮ್ಮ ಕಡೆಯವರು. "ಬಿದ್ದು ಗಿದ್ದು ಕಾಲು ಮುರ್ಕೊಂಡೀಯ ಕಣಪ್ಪಾ" ಅನ್ನುವ ಅಮ್ಮನಿಗೆ "ಹುಷಾರಾಗಿ ಮಾಡ್ತೀನಮ್ಮಾ" ಅಂದರೆ ಸಾಕು, ಅದು ಅಕ್ಕರೆ, ಟೀಕೆಯಲ್ಲ.

ಮನೆಯವರಿಗಾದರೆ ಮಾತ್ರ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಪ್ಯಾರಿಸ್ ಹತ್ತಿರದ ಲಿಸ್ ಎಂಬ ಊರಿನಲ್ಲಿ ಡೇವಿಡ್ ಬೆಲ್ ಮತ್ತು ಗೆಳೆಯರು ಇದನ್ನು ಬೆಳೆಸಿದರು, ಅವನ ಅಪ್ಪ ರೇಮಂಡ್ ಬೆಲ್ ಪ್ಯಾರಿಸ್ಸಿನ ಅಗ್ನಿಶಾಮಕ ದಳದಲ್ಲಿದ್ದವರು, ಬ್ರಿಟನ್ 2017ರಲ್ಲಿ ಇದನ್ನು ಅಧಿಕೃತ ಕ್ರೀಡೆ ಅಂತ ಒಪ್ಪಿಕೊಂಡಿತು. "ಅಧಿಕೃತ" ಅನ್ನುವ ಒಂದು ಪದಕ್ಕೆ ನಮ್ಮ ಅಪ್ಪಂದಿರ ಹತ್ತಿರ ಇರುವ ಬೆಲೆ ನಿಮಗೆ ಗೊತ್ತೇ ಇದೆ.

ಹುಡುಗರ ಗುಂಪು ಸಿಕ್ಕರೆ ಗ್ಯಾರಂಟಿ ಬರುವ ಕೂಗು: "ಬ್ರೋ, ಬ್ಯಾಕ್‌ಫ್ಲಿಪ್ ಹೊಡಿ ಬ್ರೋ!" ನಕ್ಕು "ಬರಲ್ಲ ಗುರೂ" ಅನ್ನಿ. ಬರುತ್ತಿದ್ದರೂ ಹಾಗೇ ಅನ್ನಿ. ಒಮ್ಮೆ ಹೊಡೆದು ತೋರಿಸಿದರೆ "ಒನ್ಸ್ ಮೋರ್" ನಿಲ್ಲುವುದಿಲ್ಲ. "ಕೋತಿ" ಅಂತ ಯಾರಾದರೂ ಅಂದರೆ ಅದನ್ನು ಬೈಗುಳ ಅಂದುಕೊಳ್ಳಲೇಬೇಕಾಗಿಲ್ಲ. ಚಿತ್ರದುರ್ಗದ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್ ಇಡೀ ರಾಜ್ಯಕ್ಕೆ ಗೊತ್ತಿರುವುದು ಕೋತಿರಾಜ್ ಅಂತಲೇ. ಆ ಹೆಸರನ್ನು ನೆನಪಿಟ್ಟುಕೊಳ್ಳಿ, ಆ ಹತ್ತುವುದನ್ನು ಅನುಕರಿಸಬೇಡಿ.

ಮಕ್ಕಳ ವಿಷಯ ಹಗುರವಲ್ಲ. ನೀವು ಹಾರಿದ್ದನ್ನು ನೋಡಿ ಆರು ವರ್ಷದ ಹುಡುಗ ಅದೇ ಕಟ್ಟೆ ಹತ್ತಿ ನಿಂತಿರುತ್ತಾನೆ. ಅಂಥ ಹೊತ್ತಿನಲ್ಲಿ ಎತ್ತರದ್ದೆಲ್ಲ ನಿಲ್ಲಿಸಿ, ಅಂಚಿನ ಕಲ್ಲಿನ ಮೇಲೆ ಬ್ಯಾಲೆನ್ಸ್ ಮಾಡುವುದು ತೋರಿಸಿ. ಅವರ ಜೊತೆ ಆಡುತ್ತಿರುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಅದೊಂದು ಅನುಕೂಲವೂ ಹೌದು.

ನಾಚಿಕೆಯ ಇನ್ನೊಂದು ಮುಖ

ಜನ ನೋಡುತ್ತಿದ್ದಾರೆ ಅಂತ ಕೈಕಟ್ಟಿ ನಿಲ್ಲುವುದಕ್ಕಿಂತ, ಜನ ನೋಡುತ್ತಿದ್ದಾರೆ ಅಂತ ದೊಡ್ಡದನ್ನು ಹಾರುವುದು ಅಪಾಯ. ಎರಡೂ ಒಂದೇ ರೋಗ. ಹಾರುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರೂ ಇರದಿದ್ದರೆ ಇದನ್ನು ಹಾರುತ್ತಿದ್ದೆನಾ? ಯಾರೂ ಇರದಿದ್ದರೆ ಇದನ್ನು ಬಿಡುತ್ತಿದ್ದೆನಾ? ಯಾವುದಕ್ಕೆ ಹೌದು ಅಂತ ಬರುತ್ತದೋ ಅದನ್ನೇ ಮಾಡಿ.

ಬಿಟ್ಟು ಇಳಿಯುವುದನ್ನೂ ಅಭ್ಯಾಸ ಮಾಡಬೇಕು. ಜನ ನೋಡುತ್ತಿರುವಾಗ ಕಟ್ಟೆ ಹತ್ತಿ, ಅಂಚಿನಲ್ಲಿ ನಿಂತು, ಅಳತೆ ನೋಡಿ, "ಇವತ್ತು ಬೇಡ" ಅಂತ ಇಳಿದು ಬರುವುದು. ಬೇಕಂತಲೇ ವಾರಕ್ಕೊಮ್ಮೆ ಇದನ್ನು ಮಾಡಿ. ಅರ್ಧ ಮನಸ್ಸಿನಲ್ಲಿ ಹಾರಿದಾಗಲೇ ಮೊಣಕಾಲಿನ ಕೆಳಗಿನ ಮೂಳೆ ಕಲ್ಲಿನ ಅಂಚಿಗೆ ಹೊಡೆಯುವುದು, ಆ ನೋವು ಗೊತ್ತಿದ್ದವರು ಇಳಿದು ಬರಲು ನಾಚುವುದಿಲ್ಲ.

ಬಿದ್ದರೆ? ಬೀಳುತ್ತೀರಿ. ನಮ್ಮಲ್ಲಿ ಬಿದ್ದವನು ಮೊದಲು ಮಾಡುವ ಕೆಲಸ ಎದ್ದು ಮಣ್ಣು ಕೊಡವಿಕೊಂಡು "ಏನಾಗಿಲ್ಲ ಏನಾಗಿಲ್ಲ" ಅನ್ನುವುದು. ಹಾಗೆ ಎದ್ದು ಉಳುಕಿದ ಕಾಲಿನ ಮೇಲೆ ಭಾರ ಹಾಕಿದರೆ ಸಣ್ಣ ಉಳುಕು ದೊಡ್ಡದಾಗುತ್ತದೆ. ಕೂತಲ್ಲೇ ಕೂತು ಪಾದ, ಮಣಿಕಟ್ಟು ಆಡಿಸಿ ನೋಡಿ. ಯಾರೋ ನೀರು ತರುತ್ತಾರೆ, ಯಾರೋ ಬೈಯುತ್ತಾರೆ, ಇನ್ಯಾರೋ ಎಣ್ಣೆ ಹಚ್ಚಿ ನೀವಲು ಬರುತ್ತಾರೆ. ನೀರು ತೆಗೆದುಕೊಳ್ಳಿ, ನೀವಿಸಿಕೊಳ್ಳಬೇಡಿ. ಕಾಲೂರಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಮಾಡಿಸಿ. ತಲೆಗೆ ಏಟು ಬಿದ್ದರೆ ಮನೆಗೆ ಹೋಗಿ ಮಲಗುವ ಯೋಚನೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಹುಡುಗಿಯರಿಗೆ

ಮೇಲೆ ಬರೆದದ್ದರಲ್ಲಿ ಒಂದು ಭಾಗ ಹೆಂಗಸರಿಗೆ ಹೊಂದುವುದಿಲ್ಲ. ಕುತೂಹಲದ ನೋಟ ಬೇರೆ, ಮೈಮೇಲೆ ಹರಿದಾಡುವ ನೋಟ ಬೇರೆ. ಎರಡನೆಯದಕ್ಕೆ "ರೂಢಿಯಾಗುತ್ತದೆ" ಅಂತ ಸಲಹೆ ಕೊಡುವುದು ತಪ್ಪು. ನಮ್ಮ ಜೊತೆ ಅಭ್ಯಾಸ ಮಾಡುವ ಹುಡುಗಿಯರು ಬೆಳಗಿನ ವಾಕಿಂಗ್ ಹೊತ್ತನ್ನೇ ಆರಿಸುತ್ತಾರೆ, ಅದರಲ್ಲೂ ವಯಸ್ಸಾದ ಹೆಂಗಸರು ಯೋಗ ಮಾಡುವ ಜಾಗದ ಪಕ್ಕ. ಆ ಅಜ್ಜಿಯರು ಒಮ್ಮೆ ನಿಮ್ಮನ್ನು ತಮ್ಮವರು ಅಂದುಕೊಂಡರೆ ಹಲ್ಲು ಕಿರಿಯುತ್ತಾ ನಿಂತವನನ್ನು ಅವರೇ ವಿಚಾರಿಸಿಕೊಳ್ಳುತ್ತಾರೆ. ತಲೆಕೆಳಗಾದರೂ ಮೇಲೆ ಸರಿಯದ ಹಾಗೆ ಟೀಶರ್ಟನ್ನು ಒಳಗೆ ಸಿಕ್ಕಿಸಿದರೆ, ಬಟ್ಟೆ ಎಳೆದುಕೊಳ್ಳುವ ಯೋಚನೆ ತಪ್ಪಿ ಹಾರುವುದರ ಮೇಲೆ ಗಮನ ಇರುತ್ತದೆ. ಯಾರಾದರೂ ಹಿಂದೆ ಬಂದರೆ, ಕೇಳದೆ ವಿಡಿಯೋ ಮಾಡಿದರೆ, ಜೋರಾಗಿ ಮಾತಾಡಿ, 112ಕ್ಕೆ ಫೋನ್ ಮಾಡಿ, ಅಲ್ಲಿಂದ ಹೊರಡಿ. ಎದೆ ಬಡಿತ ಇಳಿಯುವ ತನಕ ಇರಿ ಅಂದದ್ದು ಇಂಥ ಹೊತ್ತಿಗಲ್ಲ.

ಜೊತೆ, ಫೋನು, ನಾಯಿ

ಜೊತೆಗೆ ಒಬ್ಬರು ಇದ್ದರೆ ಅತಿ ಒಳ್ಳೆಯದು. ಇಬ್ಬರು ಮಾಡುತ್ತಿದ್ದರೆ ಅದು ನೋಡುವವರಿಗೆ ತಾನಾಗಿ ಆಟದ ಹಾಗೆ ಕಾಣುತ್ತದೆ. ಐದಾರು ಹುಡುಗರು ಸೇರಿದರೆ ನಿಮಗೆ ಧೈರ್ಯ ಬರುತ್ತದೆ ನಿಜ, ಆದರೆ ಪಾರ್ಕಿನವರಿಗೆ ಭಯ ಶುರುವಾಗುತ್ತದೆ, ಜೊತೆಗೆ ನೀ ಹೆಚ್ಚಾ ನಾ ಹೆಚ್ಚಾ ಅನ್ನುವುದೂ ಶುರುವಾಗುತ್ತದೆ.

ವಿಡಿಯೋ ತೆಗೆದು ತಪ್ಪು ನೋಡಿಕೊಳ್ಳಬೇಕಾದರೆ ಫೋನನ್ನು ಬಾಟಲಿಗೆ ಒರಗಿಸಿಡಿ. ಟ್ರೈಪಾಡ್ ನಿಲ್ಲಿಸಿದ ಮರುಕ್ಷಣ ಶೂಟಿಂಗ್ ಅಂತ ಜನ ಸೇರುತ್ತಾರೆ. ಜನರ ಮಾತು ಕೇಳಿಸದಿರಲಿ ಅಂತ ಎರಡೂ ಕಿವಿಗೆ ಇಯರ್‌ಫೋನ್ ತುರುಕಬೇಡಿ, ಹಿಂದಿನಿಂದ ಓಡಿ ಬರುವ ಮಗು, ಸೈಕಲ್ ಕೇಳಿಸಬೇಕು. ಬೀದಿನಾಯಿಗಳಿಗೂ ಓಡಿ ಹಾರುವವರನ್ನು ಕಂಡರೆ ಆಗುವುದಿಲ್ಲ. ಬೊಗಳುತ್ತಾ ಬಂದರೆ ಓಡದೆ ನಿಂತುಕೊಳ್ಳಿ, ಆಮೇಲೆ ಅವು ದೂರ ಸರಿಯುವ ತನಕ ನಿಧಾನಕ್ಕೆ ನಡೆಯಿರಿ. ಮನುಷ್ಯರ ಹಾಗೆ ಅವಕ್ಕೂ ಕೆಲವು ದಿನ ಬೇಕು.

ಊರು ಬದಲಾದರೆ, ಪಾರ್ಕ್ ಬದಲಾದರೆ ಸಂಕೋಚ ಮತ್ತೆ ಬರುತ್ತದೆ, ವರ್ಷಗಟ್ಟಲೆ ಮಾಡಿದವರಿಗೂ. ಆಗ ಹಳೇ ಪಾರ್ಕಿನಲ್ಲಿ ಕೊನೆಗೆ ಎಲ್ಲಿದ್ದಿರೋ ಅಲ್ಲಿಂದ ಶುರು ಮಾಡಲು ಹೋಗಬೇಡಿ. ವಾಚ್‌ಮನ್‌ಗೆ ನಮಸ್ಕಾರ, ಎರಡು ಸುತ್ತು ಓಟ, ಅಂಚಿನ ಕಲ್ಲು, ಆಮೇಲೆ ಉಳಿದದ್ದು. ಈ ಸಲ ಬೇಗ ಮುಗಿಯುತ್ತದೆ.